ಎತ್ತಿನ ಪೇಂಟಿಂಗ್ ಯಾಕೋ ಸರಿ ಕಾಣವಲ್ದು ಅನ್ನಿಸಿದ್ರ ಏನ್ ಮಾಡೋದು

ನಮ್ಮ ಕಡೆ ಚಿತ್ರ ತಗಿಯೋರು ಯಾರ ಇರ್ಲಿ, ಒಂದಿಲ್ಲ ಒಂದಿನ ದನದ ಚಿತ್ರಕ್ಕ ಬಂದ ಬರ್ತಾರ. ಹಾವೇರಿಯವ್ರಾದ್ರ ಕೊಬ್ಬರಿ ಹಾರ ಹಾಕ್ಕೊಂಡು ಓಡೋ ಹೋರಿ, ಧಾರವಾಡದ ಹಳ್ಳಿಯವ್ರಾದ್ರ ಎಮ್ಮಿ, ರಾಣೆಬೆನ್ನೂರಿನವ್ರಾದ್ರ ಕೃಷ್ಣಮೃಗ. ಬಣ್ಣ ಚಲೋ ಕುಂತಿರ್ತೈತಿ, ಕಣ್ಣಾಗ ಜೀವ ಬಂದಿರ್ತೈತಿ, ಎತ್ತಿನ ಮೈಮ್ಯಾಲ ಹೊದಿಸೋ ಝೂಲಾದ ಮ್ಯಾಗಿನ ಕನ್ನಡಿ ಚೂರು ಸೈತ ಮಿಂಚತಿರ್ತಾವು, ಆದ್ರ ನಾಲ್ಕ್ ಹೆಜ್ಜಿ ಹಿಂದ ಸರಿದು ನೋಡಿದ್ರ ಏನೋ ಒಂದು ಸೊಟ್ಟ. ಎಲ್ಲಿ ಸೊಟ್ಟ ಅಂತ ಹೇಳಾಕ ಬರಂಗಿಲ್ಲ. ಮನ್ಯಾಗ ಯಾರರೆ ಬಂದು "ಇದು ಎತ್ತೋ ಕತ್ತೆಯೋ" ಅಂದ್ರಂತೂ ಮುಗೀತು, ಆ ಸಿಟ್ಟಿನ್ಯಾಗ ಕುಂತು ಮತ್ತಷ್ಟು ಹೊತ್ತು ಮೈಮ್ಯಾಗಿನ ಕೂದ್ಲಾ ಬಿಡಸ್ಕೋತ ಹೋಗ್ತಾರ. ಕೂದ್ಲಾ ಬಿಡಿಸಿದ್ರ ಸೊಟ್ಟ ಹೋಗಂಗಿಲ್ರಿ, ಸೊಟ್ಟ ಇದ್ದಿದ್ದು ಇನ್ನಷ್ಟು ಚಂದಾಗಿ ಕಾಣ್ತೈತಿ ಅಷ್ಟ.

ಇದ್ರಾಗ ಒಂದು ಕಿತಾಪತಿ ಐತಿ. ತಪ್ಪು ಕಣ್ಣಿಗೆ ಎಲ್ಲಿ ಚುಚ್ಚತೈತೋ ಅಲ್ಲಿ ಇರಂಗಿಲ್ಲ. ಕಾಲು ಗಿಡ್ಡ ಆಗ್ಯಾವು ಅಂತ ಅನ್ನಿಸ್ತೈತಿ, ಕಾಲು ಉದ್ದ ಮಾಡ್ತೀರಿ, ಗೊರಸು ಕ್ಯಾನ್ವಾಸಿನ ಅಂಚಿಗೆ ಬಂದು ಮುಟ್ಟತಾವು, ಆದ್ರೂ ಗಿಡ್ಡನ ಕಾಣ್ತಾವು. ಅಳದು ನೋಡಿದ್ರ ಕಾಲು ಸರೀನ ಇರ್ತಾವು, ಎದಿ ಹೊಟ್ಟಿ ಅವಷ್ಟ ಕೆಳಗ ಜೋತುಬಿದ್ದಿರ್ತಾವು. ತೆಲಿ ದೊಡ್ಡದಾತು ಅನ್ನಿಸಿದ್ರ ಹತ್ತರಾಗ ಆರು ಸಲ ತೆಲಿ ಸರಿ ಇರ್ತೈತಿ, ಕುತಿಗಿ ಸಣ್ಣ ಆಗಿರ್ತೈತಿ. ಎತ್ತು ಗಾಳ್ಯಾಗ ತೇಲಿದಂಗ ಕಾಣತಿದ್ರ ಎತ್ತಿಂದೇನೂ ತಪ್ಪಿಲ್ಲ, ನಾಲ್ಕು ಗೊರಸು ನೆಲದ ಮ್ಯಾಲ ಕುಂತಿಲ್ಲ ಅಂತ ಅರ್ಥ. ಅದಕ್ಕ ಮೊದ್ಲ ಬ್ರಶ್ ಕೆಳಗಿಟ್ಟು ತಪ್ಪು ಹುಡುಕ್ರಿ, ರಿಪೇರಿ ಆಮ್ಯಾಲ.

ಹುಡುಕೂದಕ್ಕ ಎಲ್ಲಾಕಿಂತ ಸಸ್ತಾ ಸಾಧನ ಅಂದ್ರ ನಿಮ್ಮ ಮೊಬೈಲ್. ಪೇಂಟಿಂಗಿಂದ ಒಂದು ಫೋಟೋ ಹೊಡೀರಿ, ಕ್ಯಾನ್ವಾಸಿಗೆ ಸೀದಾ ಎದುರು ನಿಂತು ಹೊಡೀರಿ, ಓರಿ ಹಿಡಿದ್ರ ಫೋಟೋನ ಸೊಟ್ಟ ಬಂದು ಇಲ್ಲದ ತಪ್ಪು ಕಾಣ್ತೈತಿ. ಆಮ್ಯಾಲ ಎಡಿಟ್‌ನ್ಯಾಗ ಹೋಗಿ ಎಡಬಲ ತಿರುಗಿಸಿ ನೋಡ್ರಿ. ಇಷ್ಟು ದಿವಸ ನೋಡಿ ನೋಡಿ ಕಣ್ಣು ಆ ಸೊಟ್ಟಕ್ಕ ಒಗ್ಗಿಹೋಗಿರ್ತೈತಿ, ತಿರುಗಿಸಿದ ಕೂಡ್ಲೆ ಒಮ್ಮಿಗೇ ಬಡೀತೈತಿ, ಅಯ್ಯ ಈ ಕಡೆ ವಾಲೈತಲ್ಲ ಅಂತ. ಕನ್ನಡಿ ಹಿಡಿದು ನೋಡಿದ್ರೂ ಅದ ಕೆಲಸ ಆಗತೈತಿ. ಇನ್ನ ಆ ಫೋಟೋನ ಕಪ್ಪು ಬಿಳುಪು ಮಾಡ್ರಿ, ಬೆರಳಗಾತ್ರ ಸಣ್ಣದ ಮಾಡ್ರಿ. ಅಷ್ಟು ಸಣ್ಣದ್ರಾಗೂ ಅದು ಎತ್ತು ಅಂತ ಗೊತ್ತಾತು ಅಂದ್ರ ಆಕಾರ ಗಟ್ಟಿ ಐತಿ. ಆಗಲಿಲ್ಲ ಅಂದ್ರ ಬಣ್ಣದ ಮ್ಯಾಲ ಹೊರೆ ಹಾಕೀರಿ ಅಂತ.

ಈಗ ಅಳತಿ. ಪುಸ್ತಕದಾಗಿನ ಲೆಕ್ಕ ಬಾಯಿಪಾಠ ಮಾಡ್ಬ್ಯಾಡ್ರಿ, ಖಿಲಾರಿದು ಬ್ಯಾರೆ, ಜರ್ಸಿದು ಬ್ಯಾರೆ, ಕರೂದು ಬ್ಯಾರೆ. ನಿಮ್ಮ ಮುಂದಿರೋ ದನದ ಅಥವಾ ಫೋಟೋದ ತೆಲಿನ ಅಳತಿಗೋಲು ಮಾಡ್ಕೊಳ್ರಿ, ಕೋಡಿನ ಬುಡದಿಂದ ಮೂತಿ ತನಕ ಒಂದು ತೆಲಿ. ಆಮ್ಯಾಲ ಹೆಗಲಿಂದ ಬಾಲದ ಬುಡಕ್ಕ ಎಷ್ಟು ತೆಲಿ, ಇಣಿ (ಹೆಗಲ ಮ್ಯಾಲಿನ ಡುಬ್ಬ) ತುದಿಯಿಂದ ನೆಲಕ್ಕ ಎಷ್ಟು, ಎದಿ ಎಷ್ಟು ಆಳ, ಎದಿ ಕೆಳಗಿಂದ ನೆಲಕ್ಕ ಎಷ್ಟು. ಫೋಟೋದಾಗ ಅಳದು ಬರಕೊಳ್ರಿ, ಪೇಂಟಿಂಗ್‌ನ್ಯಾಗ ಅಳದು ಬಾಜೂಕ ಬರಕೊಳ್ರಿ. ಎದುರಿಗೇ ದನ ಕಟ್ಟಿದ್ರ ಪೆನ್ಸಿಲ್ ಹಿಡಿದು ಕೈ ಪೂರಾ ಚಾಚಿ, ಒಂದ ಕಣ್ಣು ಮುಚ್ಚಿ ಅಳೀರಿ, ಮೊಣಕೈ ಮಡಚಿದ್ರ ಅಳತಿ ಕೆಡ್ತೈತಿ. ಎದಿ ಆಳ ಮತ್ತ ಎದಿ ಕೆಳಗಿನ ಕಾಲಿನ ಉದ್ದ, ಈ ಎರಡು ಲೆಕ್ಕ ಹೋಲಿಸಿದ್ರನ ಅರ್ಧ ತಪ್ಪು ಸಿಕ್ಕಬೀಳ್ತಾವು.

ಆಮ್ಯಾಲ ಗೌಂಡಿ ಕೆಲಸ. ಒಂದು ದಾರಕ್ಕ ನಟ್ಟು ಕಟ್ಟಿ ಓಳಂಬ ಬಿಡ್ರಿ. ಕಿವಿಯಿಂದ ಬಿಟ್ರ ಯಾವ ಗೊರಸಿನ ಹಂತ್ಯಾಕ ಬೀಳ್ತೈತಿ, ಇಣಿಯಿಂದ ಬಿಟ್ರ ಮುಂಗಾಲಿನ ಮುಂದ ಬರ್ತೈತೋ ಹಿಂದ ಬರ್ತೈತೋ, ಕುಂಡಿ ಎಲುಬಿಂದ ಬಿಟ್ರ ಹಿಂಗಾಲಿನ ಹಿಮ್ಮಡಿಗೆ (ಹಿಂದಕ್ಕ ಬಾಗಿರೋ ಕೀಲಿಗೆ) ಎಲ್ಲಿ ತಾಗತೈತಿ. ಫೋಟೋದ ಮ್ಯಾಲೂ ಇದನ್ನ ಮಾಡ್ರಿ, ಪೇಂಟಿಂಗ್ ಮ್ಯಾಲೂ ಮಾಡ್ರಿ. ಮುಗ್ಗರಿಸಿ ಬಿದ್ದಂಗ ಕಾಣೋ ಎತ್ತು ಯಾವಾಗ್ಲೂ ಇಲ್ಲೇ ಸಿಗತೈತಿ. ಇನ್ನ ಖಾಲಿ ಜಾಗ ನೋಡೋದು ಕಲೀರಿ: ನಾಲ್ಕು ಕಾಲಿನ ನಡುವಿನ ಖಾಲಿ, ಎರಡು ಕೋಡಿನ ನಡುವಿನ ಖಾಲಿ, ಗಂಗೆದೊಗಲಿಗೂ ಮುಂಗಾಲಿಗೂ ನಡುವಿನ ಖಾಲಿ. ಕಾಲು ಅಂದ ಕೂಡ್ಲೆ ತೆಲ್ಯಾಗ ಮೊದ್ಲ ಇರೋ ಕಾಲು ಬಂದು ಕುಂದರ್ತೈತಿ, ಖಾಲಿ ಜಾಗದ ಬಗ್ಗೆ ತೆಲ್ಯಾಗ ಏನೂ ಇರಂಗಿಲ್ಲ, ಅದಕ್ಕ ಇದ್ದಂಗ ಕಾಣ್ತೈತಿ. ಪೇಂಟಿಂಗನ್ನ ತೆಲಿಕೆಳಗ ಮಾಡಿ ಇಟ್ಟು ನೋಡಿದ್ರ ಇದು ಇನ್ನೂ ಸಸಾರ ಆಗತೈತಿ.

ಇಷ್ಟೆಲ್ಲಾ ಅಳದ ಮ್ಯಾಲೂ ಫೋಟೋಕ್ಕೂ ಪೇಂಟಿಂಗಿಗೂ ಲೆಕ್ಕ ಬರಾಬರಿ ಆತು, ಆದ್ರೂ ಚಿತ್ರ ವಿಚಿತ್ರ ಕಾಣಾಕತ್ತೈತಿ ಅಂದ್ರ ತಪ್ಪು ಫೋಟೋದ್ದ. ಇದನ್ನ ಭಾಳ ಮಂದಿ ಒಪ್ಪಂಗಿಲ್ಲ, ಫೋಟೋ ಹೆಂಗ ಸುಳ್ಳು ಹೇಳ್ತೈತ್ರಿ ಅಂತಾರ. ಲೆಕ್ಕ ಹಾಕ್ರಿ. ಎತ್ತಿನ ಮೂತಿಯಿಂದ ಬಾಲದ ಬುಡದ ತನಕ 7 ಫೂಟು ಅಂತ ಹಿಡೀರಿ. ನೀವು ಎದುರಿಗೆ ಮೂತಿಯಿಂದ 4 ಫೂಟು ದೂರ ನಿಂತು ಫೋಟೋ ಹೊಡದ್ರ ಮೂತಿ 4 ಫೂಟಿನ್ಯಾಗ ಐತಿ, ಕುಂಡಿ 11 ಫೂಟಿನ್ಯಾಗ ಐತಿ, ಅಂದ್ರ ಹಿಂದಿನ ಭಾಗ ಮುಂದಿಂದಕ್ಕ ಹೋಲಿಸಿದ್ರ ಮೂರರಾಗ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟ ದೊಡ್ಡದು ಬೀಳ್ತೈತಿ. ಅದ ಎತ್ತಿನ್ನ 20 ಫೂಟು ದೂರದಿಂದ ಝೂಮ್ ಮಾಡಿ ಹೊಡದ್ರ 20ಕ್ಕ 27, ಮುಕ್ಕಾಲು ಪಾಲು ಕಾಣ್ತೈತಿ. ಎತ್ತು ಅದ, ನಿಂತ ಜಾಗ ಬ್ಯಾರೆ. ಮೊಬೈಲಿನ ಮೇನ್ ಕ್ಯಾಮೆರಾ ಅಗಲಕ್ಕ ಹಿಡೀತೈತಿ, ಹಂಗಾಗಿ ನಾವು ಫ್ರೇಮ್ ತುಂಬ್ಲಿ ಅಂತ ದನದ ಮಾರಿಗೇ ಹೋಗಿ ನಿಲ್ತೀವಿ, ಫೋಟೋದಾಗ ದೊಡ್ಡ ಮೂಗು, ಗುಬ್ಬಿ ಕಾಲು. ಫೋಟೋದಾಗ ನೋಡಿದಾಗ ಇದು ಫೋಟೋ ಐತಲ್ಲ ಅಂತ ಕಣ್ಣು ಮಾಫಿ ಕೊಡತೈತಿ, ಪೇಂಟಿಂಗ್‌ನ್ಯಾಗ ಕೊಡಂಗಿಲ್ಲ. ಇನ್ನೊಮ್ಮೆ ಹೋಗಿ ದೂರದಿಂದ ಫೋಟೋ ತಗೊಂಡು ಬರೋದು ಚಲೋ. ದನದ ಸಂತಿಗೆ ಹೋಗ್ರಿ, ಇಲ್ಲಾ ಧಾರವಾಡದ ಕೃಷಿ ಮೇಳಕ್ಕ ಹೋಗ್ರಿ, ಅಲ್ಲಿ ದನ ಸಾಲಾಗಿ ಕಟ್ಟಿ ನಿಲ್ಲಿಸಿರ್ತಾರ, ಮಾಲಕರನ್ನ ಒಂದು ಮಾತು ಕೇಳಿ ಸುತ್ತ ತಿರುಗಿ ಬ್ಯಾರೆ ಬ್ಯಾರೆ ದಿಕ್ಕಿಂದ ಹೊಡ್ಕೊಳ್ರಿ. ಓಡಾಡೋ ದನ ನಿಲ್ಲಂಗಿಲ್ಲ ಅನ್ನೋರಿಗೆ ಶಿಗ್ಗಾಂವಿ ಹತ್ರ ಗೊಟಗೋಡಿ ಉತ್ಸವ್ ರಾಕ್ ಗಾರ್ಡನ್ ಐತಿ, ಕಲಾವಿದ ಸೊಲಬಕ್ಕನವರ ಅವರು ಕಟ್ಟಿದ್ದು, ಅಲ್ಲಿನ ದನದ ಮೂರ್ತಿಗಳು ಅಲಗಾಡಂಗಿಲ್ಲ, ಬಾಲಾನೂ ಬೀಸಂಗಿಲ್ಲ. ಕುಂತು ಎಷ್ಟು ಹೊತ್ತರೆ ಅಳೀರಿ.

ಕಾಲಿನ ವಿಷಯಕ್ಕ ಬರೋಣ, ಯಾಕಂದ್ರ ಭಾಳ ಮಂದಿ ಕೆಡೋದು ಇಲ್ಲೇ. ದನದ ಹಿಂಗಾಲಿನ್ಯಾಗ ಹಿಂದಕ್ಕ ಬಾಗಿರೋ ಕೀಲು ಕಾಣ್ತೈತಲ್ಲ, ಅದು ಮಣಕಾಲಲ್ಲ, ಅದು ಹಿಮ್ಮಡಿ. ದನ ತುದಿಬೆರಳ ಮ್ಯಾಲ ನಿಂತಿರ್ತೈತಿ. ಖರೇ ಮಣಕಾಲು ಮ್ಯಾಲ ಹೊಟ್ಟಿಗೆ ಹತ್ತಿಕೊಂಡು ಚರ್ಮದೊಳಗ ಅಡಗಿರ್ತೈತಿ. ಮುಂಗಾಲಿನ್ಯಾಗ ನಾವು ಮಣಕಾಲು ಅನ್ನೋದು ಅದರ ಮಣಿಕಟ್ಟು, ಮೊಣಕೈ ಎದಿ ಕೆಳಗಿನ ಅಂಚಿನ ಹಂತ್ಯಾಕ ಐತಿ. ಇದು ತಿಳಿದ್ರ ಯಾವ ಕೀಲು ಯಾವ ಕಡೆ ಮಡಚಬೇಕು ಅನ್ನೋದು ತಂತಾನ ತಿಳೀತೈತಿ. ಸೀದಾ ನಿಂತಾಗ ಹಿಂಗಾಲಿನ ಆ ಹಿಮ್ಮಡಿ ಮುಂಗಾಲಿನ ಮಣಿಕಟ್ಟಿಗಿಂತ ಸ್ವಲ್ಪ ಮ್ಯಾಲ ಇರ್ತೈತಿ, ಎರಡನ್ನೂ ಒಂದ ಸಾಲಿಗೆ ಕುಂದರಿಸಿದ್ರ ಕುರ್ಚಿ ಆಗತೈತಿ, ಎತ್ತು ಆಗಂಗಿಲ್ಲ. ಇನ್ನೊಂದು, ಮುಂಗಾಲು ಮೈಗೆ ಎಲುಬಿನ ಕೀಲಿನಿಂದ ಕೂಡಿರಂಗಿಲ್ಲ, ದನಕ್ಕೂ ಕುದುರಿಗೂ ಕಾಲರ್ ಬೋನ್ (ಕುತಿಗಿ ಬುಡದ ಅಡ್ಡ ಎಲುಬು) ಇಲ್ಲ, ಎದಿಗೂಡು ಎರಡು ಹೆಗಲೆಲುಬಿನ ನಡುವ ಸ್ನಾಯುದಾಗ ತೂಗಬಿದ್ದಿರ್ತೈತಿ. ಅದಕ್ಕ ಭಾರ ಒಂದ ಮುಂಗಾಲಿನ ಮ್ಯಾಲ ಬಿದ್ರ ಆ ಕಡೆ ಹೆಗಲೆಲುಬು ಮ್ಯಾಲಕ್ಕ ಸರೀತೈತಿ. ನಡಿಯೋ ಎತ್ತು ಬಿಡಿಸಿ ಎರಡೂ ಹೆಗಲು ಸಮ ಇಟ್ರ ಅದು ನಡಿಯಂಗಿಲ್ಲ, ನಿಂತಲ್ಲೇ ನಿಂತಿರ್ತೈತಿ, ಕಾಲು ಎಷ್ಟು ಎತ್ತಿಸಿದ್ರೂ ಅಷ್ಟ.

ಓಡೋ ಹೋರಿ ಬಗ್ಗೆ ಒಂದ ಮಾತು. ಹಳೇ ಚಿತ್ರದಾಗ ಓಡೋ ಕುದುರಿಗೆ ಮುಂಗಾಲೆರಡು ಮುಂದಕ್ಕ, ಹಿಂಗಾಲೆರಡು ಹಿಂದಕ್ಕ ಚಾಚಿ ಗಾಳ್ಯಾಗ ಹಾರಿಸಿರ್ತಿದ್ರು. 1878ರಾಗ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ ಕ್ಯಾಲಿಫೋರ್ನಿಯಾದಾಗ ಸಾಲು ಕ್ಯಾಮೆರಾ ಇಟ್ಟು ಫೋಟೋ ಹೊಡದು ತೋರಿಸಿದ, ನಾಲ್ಕೂ ಕಾಲು ನೆಲ ಬಿಟ್ಟ ಹೊತ್ತಿನ್ಯಾಗ ಕುದುರಿ ಕಾಲು ಹೊಟ್ಟಿ ಕೆಳಗ ಮಡಚಿಕೊಂಡಿರ್ತೈತಿ ಅಂತ. ನಮ್ಮ ಹೋರಿ ಹಬ್ಬದ ಪೋಸ್ಟರಿನ್ಯಾಗ ಇನ್ನೂ ಆ ಹಾರೋ ಕುದುರಿ ಕಾಲ ಹಚ್ಚತಾರ. ದೀಪಾವಳಿ ಹೊತ್ತಿನ್ಯಾಗ ಯಾವ ಅಖಾಡದಾಗ ನಿಂತ್ರೂ ಮೊಬೈಲಿನ್ಯಾಗ ಸ್ಲೋ ಮೋಷನ್ ಹಾಕಿ ವಿಡಿಯೋ ಮಾಡ್ರಿ, ಬೇಲಿ ಒಳಗ ಹೋಗಬ್ಯಾಡ್ರಿ ಮತ್ತ, ಮನಿಗೆ ಬಂದು ಒಂದೊಂದ ಫ್ರೇಮ್ ನಿಲ್ಲಿಸಿ ನಿಮಗ ಬೇಕಾದ ಕಾಲು ಆರಿಸ್ಕೊಳ್ರಿ.

ಈಗ ಪರ್ಸ್ಪೆಕ್ಟಿವ್, ಅಂದ್ರ ದೂರ ಹೋದಂಗ ವಸ್ತು ಸಣ್ಣ ಕಾಣೋ ಲೆಕ್ಕ. ಮಂದಿ ಪರ್ಸ್ಪೆಕ್ಟಿವ್ ಅಂದ್ರ ರಸ್ತೆ, ರೈಲು ಹಳಿ, ಬಿಲ್ಡಿಂಗ್ ಅಷ್ಟ ಅಂತ ತಿಳಕೊಂಡಾರ, ದನಕ್ಕೇನು ಪರ್ಸ್ಪೆಕ್ಟಿವ್ ಅಂತಾರ. ದನದ ಮೈ ಒಂದು ಪೆಟ್ಟಿಗಿ. ಮೊದ್ಲ ಕೇಳ್ಕೋಬೇಕಾದ್ದು ನನ್ನ ಕಣ್ಣು ಎಷ್ಟು ಎತ್ತರದಾಗ ಐತಿ ಅನ್ನೋದು. ನೀವು ನಿಂತು ನೋಡಾಕತ್ತಿದ್ದು, ಎತ್ತಿನ ಬೆನ್ನು ನಿಮ್ಮ ಎದಿಮಟ್ಟಕ್ಕ ಐತಿ ಅಂದ್ರ ಬೆನ್ನಿನ ಮ್ಯಾಲ್ಭಾಗ ಸ್ವಲ್ಪ ಕಾಣಬೇಕು, ಆ ಕಡೆ ಟೊಂಕದೆಲುಬು ಸ್ವಲ್ಪ ಇಣುಕಬೇಕು. ನೆಲಕ್ಕ ಕುಂತು ನೋಡಿದ್ರ ಬೆನ್ನು ಮ್ಯಾಲಿಂದ ಕಾಣಂಗಿಲ್ಲ, ಹೊಟ್ಟಿ ಕೆಳಗ ಕಾಣಾಕ ಶುರುವಾಗತೈತಿ, ಕೋಡು ಆಕಾಶಕ್ಕ ಚುಚ್ಚತಾವು. ತಪ್ಪು ಎಲ್ಲಾಗತೈತಿ ಅಂದ್ರ, ಎತ್ತಿನ ಫೋಟೋ ಕುಂತು ಹೊಡದಿರ್ತಾರ, ಹಿಂದಿನ ಹೊಲದ ಫೋಟೋ ಮಾಳಿಗಿ ಮ್ಯಾಲ ನಿಂತು ಹೊಡದಿರ್ತಾರ, ಎರಡನ್ನೂ ಒಂದ ಕ್ಯಾನ್ವಾಸಿನ್ಯಾಗ ಕೂಡಿಸಿ ಯಾಕ ಒಗ್ಗವಲ್ದು ಅಂತ ತೆಲಿ ಕೆಡಿಸ್ಕೋತಾರ. ಎತ್ತೂ ಸರಿ ಇರ್ತೈತಿ, ಹೊಲಾನೂ ಸರಿ ಇರ್ತೈತಿ, ಎರಡಕ್ಕೂ ಕಣ್ಣಿನ ಮಟ್ಟ ಬ್ಯಾರೆ. ಅಂಥಾದ್ರಾಗ ಎತ್ತು ಮುಟ್ಟಬ್ಯಾಡ್ರಿ, ಹಿಂದಿನ ಕ್ಷಿತಿಜ ರೇಖೆ (ನೆಲ ಆಕಾಶ ಕೂಡೋ ಗೆರಿ, ಸಪಾಟ ನೆಲದಾಗ ಅದು ನಮ್ಮ ಕಣ್ಣಿನ ಮಟ್ಟಕ್ಕ ಬರ್ತೈತಿ) ಕೆಳಗ ತರ್ರಿ. ಹೊಲ ಮತ್ತ ಹಚ್ಚೂದು ಎತ್ತು ಮತ್ತ ಹಚ್ಚೂದಕ್ಕಿಂತ ಹಗರ ಕೆಲಸ.

ನಾಲ್ಕು ಗೊರಸನ್ನ ಹೊರಸಿನ ನಾಲ್ಕು ಕಾಲು ಅಂತ ತಿಳೀರಿ. ಮಂಚ ಓರೆಯಾಗಿಟ್ರ ನಾಲ್ಕು ಕಾಲೂ ಒಂದ ಗೆರಿ ಮ್ಯಾಲ ಬರಂಗಿಲ್ಲಲ್ಲ, ದೂರದ ಕಾಲು ಕ್ಯಾನ್ವಾಸಿನ್ಯಾಗ ಸ್ವಲ್ಪ ಮ್ಯಾಲ ಬರ್ತಾವು, ಇದೂ ಹಂಗ. ಎಡಗಡೆ ಎರಡು ಗೊರಸು ಕೂಡಿಸಿ ಒಂದು ಗೆರಿ ಎಳೀರಿ, ಬಲಗಡೆ ಎರಡು ಕೂಡಿಸಿ ಇನ್ನೊಂದು. ಎತ್ತು ಸಮ ನಿಂತಿದ್ರ ಈ ಎರಡು ಗೆರಿ ದೂರ ಹೋಗಿ ಕ್ಷಿತಿಜದ ಮ್ಯಾಲ ಒಂದ ಕಡೆ ಕೂಡಬೇಕು. ಬೆನ್ನಿನ ಗೆರಿ ಸೈತ ಹೆಚ್ಚು ಕಡಿಮಿ ಆ ಕಡೇನ ಹೋಗಬೇಕು. ಗೊರಸಿನ ಗೆರಿ ಒಂದು ದಿಕ್ಕು, ಬೆನ್ನು ಇನ್ನೊಂದು ದಿಕ್ಕು ಹೋಗತಿದ್ರ ಎತ್ತು ಸೊಟ್ಟ ಅಲ್ಲ, ಮೈ ತಿರುಚಿ ಹಿಂಡಿದಂಗ ಕಾಣ್ತೈತಿ. ಬಾಜೂದಿಂದ ಸೀದಾ ಬಿಡಿಸಿದ ಎತ್ತಿಗೂ ಇದು ಬೇಕು, ದೂರದ ಎರಡು ಗೊರಸು ಒಂದಿಷ್ಟರೆ ಮ್ಯಾಲ ಹೋಗಲೇಬೇಕು, ಇಲ್ಲಾಂದ್ರ ರಟ್ಟಿನ್ಯಾಗ ಕತ್ತರಿಸಿ ನಿಲ್ಲಿಸಿದಂಗ ಇರ್ತೈತಿ. ಗೊರಸಿನ ಬುಡಕ್ಕ ತೆಳ್ಳಗ ಕಪ್ಪು ನೆರಳು, ಆ ನೆರಳು ನೆಲದ ಮ್ಯಾಲ ಚಪ್ಪಟ್ಟಿ ಮಲಗಿರಬೇಕು, ಇಷ್ಟು ಮಾಡಿದ್ರ ಸಾಕು ಗಾಳ್ಯಾಗಿನ ಎತ್ತು ಇಳದು ನೆಲಕ್ಕ ಬರ್ತೈತಿ.

ಮಾರಿ. ಮುಕ್ಕಾಲು ಭಾಗ ಕಾಣೋ ಹಂಗ ತಿರುಗಿದ ಮಾರಿ ಬಿಡಿಸಿದಾಗ ಆ ಕಡೆ ಕಣ್ಣನ್ನ ಈ ಕಡೆ ಕಣ್ಣಿನಷ್ಟ ಪೂರ್ತಿ ಬಿಡಿಸ್ತಾರ, ಮನಷ್ಯಾಗ ಬಿಡಿಸಿದಂಗ. ದನದ ಕಣ್ಣು ಬಾಜೂಕ ಇರ್ತಾವು, ತಿರುಗಿದಾಗ ಆ ಕಡೆ ಹುಬ್ಬಿನ ಉಬ್ಬು, ರೆಪ್ಪಿ, ಇಷ್ಟ ಕಾಣ್ತೈತಿ. ಹಣಿ ನಡುವಿಂದ ಮೂತಿ ತನಕ ಒಂದು ನಡುಗೆರಿ ಹಾಕ್ರಿ, ಅದಕ್ಕ ಅಡ್ಡ ನಾಲ್ಕು ಗೆರಿ: ಕೋಡಿನ ಬುಡ, ಕಣ್ಣು, ಮೂಗಿನ ಹೊಳ್ಳಿ, ಬಾಯಿ ಮೂಲಿ. ನಾಲ್ಕೂ ಒಂದ ದಿಕ್ಕಿಗೆ ವಾಲಬೇಕು. ಕೋಡಿನ ತುದಿ ಎರಡನ್ನೂ ಕೂಡಿಸಿ ನೋಡ್ರಿ, ಅದೂ ಆ ದಿಕ್ಕಿಗೇ ಬರಬೇಕು. ಖಿಲಾರಿಗೆ ಕೋಡು ಬುಡದಾಗ ಹತ್ರತ್ರ ಇರ್ತಾವು, ಹಿಂದಕ್ಕ ಬಾಗಿ ಮ್ಯಾಲ ಏಳ್ತಾವು. ನಮ್ಮ ಧಾರವಾಡಿ ಎಮ್ಮಿಗೆ ಹಿಂದಕ್ಕ ಅರ್ಧಚಂದ್ರ ಆಗಿ ಹೆಗಲ ತನಕ ಬರ್ತಾವು, ಆ ಎಮ್ಮಿ ತೆಲಿ ತಿರುಗಿಸಿದ್ರ ಒಂದು ಕೋಡು ಪೂರಾ ಉದ್ದ ಕಾಣ್ತೈತಿ, ಇನ್ನೊಂದು ನಮ್ಮ ಕಡೆ ಚುಚ್ಚಿದಂಗ ಗಿಡ್ಡ ಕಾಣ್ತೈತಿ, ಗಿಡ್ಡ ಕಂಡದ್ದನ್ನ ಗಿಡ್ಡನ ಬಿಡಿಸ್ರಿ. ಅದು ಉದ್ದ ಐತಿ ಅಂತ ನಿಮಗ ಗೊತ್ತಿದ್ರೂ ಕಣ್ಣಿಗೆ ಕಂಡದ್ದ ಖರೆ. ಇಣಿನೂ ಹಂಗ, ಅದು ಬೆನ್ನೆಲುಬಿನ ನಡುಗೆರಿ ಮ್ಯಾಲ ಕುಂತಿರ್ತೈತಿ, ಮೈ ತಿರುಗಿದ್ರ ಇಣಿನೂ ತಿರಗಬೇಕು. ಹೊರಗಿನ ಗೆರಿಗೆ ತಂದು ಅಂಟಿಸಬ್ಯಾಡ್ರಿ.

ಎದುರಿಗೆ ಬರೋ ಎತ್ತಿನ್ಯಾಗ ಇನ್ನೊಂದು ಸಂಕಟ, ಮೈ ಉದ್ದ ಎಲ್ಲಾ ಮಡಚಿ ಹೋಗಿರ್ತೈತಿ. ಅಲ್ಲಿ ಅಳತಿಗಿಂತ ಯಾವುದು ಯಾವುದರ ಮುಂದ ಅನ್ನೋದು ಮುಖ್ಯ. ತೆಲಿ ಎದಿನ ಮುಚ್ಚಬೇಕು, ಎದಿ ಹೊಟ್ಟಿನ ಮುಚ್ಚಬೇಕು, ಹೊಟ್ಟಿ ಹಿಂದ ತೊಡಿ ಸ್ವಲ್ಪ ಕಾಣಬೇಕು. ಮುಂದಿನ ಅಂಚು ಚೂಪು ಇಡ್ರಿ, ಹಿಂದಿನ ಅಂಚು ಮೆತ್ತಗ ಬಿಡ್ರಿ, ಹಿಂಗಾಲಿನ ಬಣ್ಣದಾಗ ಕಪ್ಪು ಬಿಳುಪಿನ ಅಂತರ ಕಡಿಮಿ ಮಾಡ್ರಿ. ಎಷ್ಟೋ ಸಲ ಆಕಾರ ಮುಟ್ಟದ ಇಷ್ಟರಾಗ ಕೆಲಸ ಮುಗೀತೈತಿ.

ಹಿಂಡು ಬಿಡಿಸೋರಿಗೆ ಒಂದು ಲೆಕ್ಕ ಭಾಳ ಉಪಯೋಗ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಾಗ ನೆಲ ಸಪಾಟ ಇರೋ ಕಡೆ ನಿಂತೀರಿ ಅಂತ ತಿಳೀರಿ. ಕೃಷ್ಣಮೃಗದ ಹೆಗಲೆತ್ತರ ಸುಮಾರು 80 ಸೆಂಟಿಮೀಟರ್, ನಿಂತಾಗ ನಿಮ್ಮ ಕಣ್ಣು ಸುಮಾರು 150. ಹಂಗಾದ್ರ ಯಾವ ಮೃಗ ತಗೊಂಡ್ರೂ, ಹತ್ರದ್ದಿರ್ಲಿ ದೂರದ್ದಿರ್ಲಿ, ಅದರ ಗೊರಸಿನಿಂದ ಕ್ಷಿತಿಜದ ತನಕದ ಎತ್ತರ ಅದರ ಹೆಗಲೆತ್ತರದ ಹತ್ರತ್ರ ಎರಡು ಪಟ್ಟು ಬರಬೇಕು. ಎಲ್ಲಾ ಮೃಗಾನೂ ಹಿಂಗ ಅಳದು ನೋಡ್ರಿ, ಒಂದು ಮೃಗ ಕರಡಿಯಷ್ಟು ದೊಡ್ಡದು, ಒಂದು ಮೊಲದಷ್ಟು ಸಣ್ಣದು ಯಾಕ ಕಾಣಾಕತ್ತಾವು ಅನ್ನೋದು ಅಲ್ಲೇ ಸಿಗತೈತಿ. ಗಾತ್ರ ಬದಲಿ ಮಾಡೋದು ಬ್ಯಾಡ ಅಂದ್ರ ಮೃಗಾನ ಮ್ಯಾಲ ಕೆಳಗ ಸರಿಸಿದ್ರೂ ನಡೀತೈತಿ. ಹೆಣ್ಣು ಮತ್ತ ಮರಿ ಸ್ವಲ್ಪ ಸಣ್ಣ ಇರ್ತಾವು, ಅದನ್ನ ಮರೀಬ್ಯಾಡ್ರಿ, ದಿಬ್ಬ ಇದ್ರ ಲೆಕ್ಕ ಹಂಗ ಹೊಂದಂಗಿಲ್ಲ.

ತಪ್ಪು ಸಿಕ್ತು, ಈಗ ರಿಪೇರಿ. ಸೀದಾ ಬಣ್ಣ ಹಚ್ಚಬ್ಯಾಡ್ರಿ. ಝೆರಾಕ್ಸ್ ಅಂಗಡ್ಯಾಗ ಪಾರದರ್ಶಕ ಪ್ಲಾಸ್ಟಿಕ್ ಹಾಳಿ ಸಿಗತೈತಿ, ಅದನ್ನ ಪೇಂಟಿಂಗ್ ಮ್ಯಾಲ ಟೇಪ್ ಹಚ್ಚಿ ಮಾರ್ಕರಿನ್ಯಾಗ ಹೊಸ ಗೆರಿ ಹಾಕಿ ನೋಡ್ರಿ, ಬ್ಯಾಡನ್ನಿಸಿದ್ರ ಒರಿಸಿ ಮತ್ತ ಹಾಕ್ರಿ. ಬಣ್ಣ ಪೂರಾ ಒಣಗಿರಬೇಕು ಮತ್ತ. ಗೆರಿ ಪಕ್ಕಾ ಆದ ಮ್ಯಾಲ ಚಾಕ್‌ಪೀಸ್‌ನಿಂದ ಪೇಂಟಿಂಗ್ ಮ್ಯಾಲ ತಿದ್ರಿ.

ಆಕ್ರಿಲಿಕ್ ಆದ್ರ ಸುಖ, ಒಣಗಿದ ಮ್ಯಾಲ ಎಷ್ಟರೆ ಹಚ್ಚಬಹುದು. ಹಳೇ ಬ್ರಶ್ಶಿನ ಉಬ್ಬು ಇದ್ರ ಸಣ್ಣ ಮರಳುಕಾಗದಕ್ಕ ನೀರು ಹಚ್ಚಿ ಮೆತ್ತಗ ತಿಕ್ರಿ, ಇಲ್ಲಾಂದ್ರ ಹೊಸ ಹೊಲದಾಗ ಹಳೇ ಕಾಲಿನ ಗುರ್ತು ಬೆಳಕಿನ್ಯಾಗ ಎದ್ದು ಕಾಣ್ತೈತಿ. ಹಿನ್ನೆಲಿ ಬಣ್ಣಕ್ಕ ಸ್ವಲ್ಪ ಬಿಳಿ ಕೂಡಿಸಿ ಎರಡು ಕೋಟು ಹಾಕಿ ಹಳೇದು ಮುಚ್ಚಿ, ಆಮ್ಯಾಲ ಖರೇ ಬಣ್ಣ. ಆಯಿಲ್ ಹಸಿ ಇದ್ರ ಪ್ಯಾಲೆಟ್ ನೈಫಿನಿಂದ ಕೆರದು, ಟರ್ಪಂಟೈನ್ ಅರಿವಿಯಿಂದ ಒರಿಸಿ ತಗೀರಿ, ಹಸಿ ಬಣ್ಣದ ಮ್ಯಾಲ ಹೊಸದು ಹಚ್ಚಿ ತಿದ್ದಾಕ ಹೋದ್ರ ರಾಡಿ ಆಗತೈತಿ. ಒಣಗಿದ ಆಯಿಲ್ ಮ್ಯಾಲ ಹಚ್ಚೂದಿದ್ರ ಕೆಳಗಿನದಕ್ಕಿಂತ ಎಣ್ಣಿ ಸ್ವಲ್ಪ ಹೆಚ್ಚಿರಬೇಕು, ಮತ್ತ ತೆಳ್ಳಗ ಹಚ್ಚಿ ಮುಚ್ಚಿದ್ವಿ ಅಂತ ಬಿಡಬ್ಯಾಡ್ರಿ, ಆಯಿಲ್ ಬಣ್ಣ ವರ್ಷ ಕಳದಂಗ ಪಾರದರ್ಶಕ ಆಗ್ಕೋತ ಹೋಗತೈತಿ, ಐದನೇ ಕಾಲು ಒಂದಿನ ಇಣುಕತೈತಿ. ವಾಟರ್ ಕಲರ್‌ನ್ಯಾಗ ಮಾತ್ರ ಆಸೆ ಕಡಿಮಿ. ಹಸಿ ಬ್ರಶ್ಶಿಂದ ನೆನಸಿ ಟಿಶ್ಯೂದಿಂದ ಒತ್ತಿ ತಗೀಬಹುದು, ಕೆಲವು ಬಣ್ಣ ಕಾಗದಕ್ಕ ಕಚ್ಚಿಕೊಂಡಿರ್ತಾವು, ಅವು ಬರಂಗಿಲ್ಲ, ತಿಕ್ಕಿದ್ರ ಕಾಗದ ಜಿಬ್ಬು ಏಳ್ತೈತಿ. ಕಾಲು ತಪ್ಪಿದ್ರ ಪೋಸ್ಟರ್ ಕಲರ್‌ನ್ಯಾಗ ಹುಲ್ಲು ಬೆಳಸ್ರಿ, ಗೊರಸು ಮುಚ್ಚಿದ್ರ ಯಾರೂ ಕೇಳಂಗಿಲ್ಲ, ಅಗದಿ ದೊಡ್ಡ ದೊಡ್ಡವ್ರೂ ಇದನ್ನ ಮಾಡ್ಯಾರ.

ಎಷ್ಟು ತಿದ್ದಬೇಕು ಅನ್ನೋದಕ್ಕ ನನ್ನ ಲೆಕ್ಕ ಇಷ್ಟ: ಒಂದು ಕಾಲು, ಕೋಡು, ಹೊಟ್ಟಿ ಗೆರಿ, ಕ್ಷಿತಿಜ, ಇವು ತಪ್ಪಿದ್ರ ತಿದ್ರಿ. ಎದಿ ಪೆಟ್ಟಿಗಿ ಒಂದು ದಿಕ್ಕು, ಟೊಂಕದ ಪೆಟ್ಟಿಗಿ ಇನ್ನೊಂದು ದಿಕ್ಕು ಆಗಿದ್ರ ಆ ಕ್ಯಾನ್ವಾಸಿಗೆ ಬಡಿದಾಡಬ್ಯಾಡ್ರಿ, ಹೊಸಾದು ತಗೀರಿ. ಅದ್ರಾಗ ಚಲೋ ಬಂದ ಮಾರಿ ಇದ್ರ ಟ್ರೇಸಿಂಗ್ ಹಾಳಿ ಮ್ಯಾಲ ಇಳಿಸಿಟ್ಕೊಳ್ರಿ, ಹೊಸ ಕ್ಯಾನ್ವಾಸಿನ್ಯಾಗ ಮೊದ್ಲ ಕ್ಷಿತಿಜ, ಆಮ್ಯಾಲ ನಾಲ್ಕು ಗೊರಸಿನ ಗುರ್ತು, ಆಮ್ಯಾಲ ಎದಿ ಟೊಂಕದ ಪೆಟ್ಟಿಗಿ ಹಾಕಿ, ಅಳತಿ ಕೂಡಿತು ಅಂತ ಖಾತ್ರಿ ಆದ ಮ್ಯಾಲ ಆ ಮಾರಿ ಕಾರ್ಬನ್ ಇಟ್ಟು ಇಳಿಸ್ರಿ, ಕೂದ್ಲಾ ಕಣ್ಣು ಝೂಲಾ ಎಲ್ಲಾ ಅದರ ನಂತರ.